ನಾಲ್ಕನೇ ಕ್ವಾರ್ಟರಿನಲ್ಲಿ ಊಟಕ್ಕೆ ಎದ್ದವರು

೧

ಚೆಂಡಿನಿಂದ ಶುರು ಮಾಡಲೋ, ಬಿಸಿಬೇಳೆಭಾತಿನಿಂದಲೋ? ಚೆಂಡಿನಿಂದ ಶುರು ಮಾಡಿದರೆ ನನಗೆ ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲ ಎನ್ನುವುದು ಎರಡನೇ ಸಾಲಿಗೇ ಬಯಲಾಗುತ್ತದೆ. ಬಿಸಿಬೇಳೆಭಾತಿನಿಂದ ಶುರು ಮಾಡಿದರೆ, ಅಮೆರಿಕದ ಕನ್ನಡಿಗರ ಕಥೆಯಲ್ಲಿ ಇನ್ನೇನಿರುತ್ತೆ ಎಂದು ನೀವು ಪುಟ ಮಗುಚುತ್ತೀರಿ. ಹಿಕ್ಸ್‌ವಿಲ್‌ನಿಂದ ಮ್ಯಾನ್‌ಹಟನ್‌ಗೆ ಹೋಗುವ ಬೆಳಗಿನ ರೈಲಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಫೋನಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇದು ನಾಲ್ಕನೇ ಆರಂಭ. ಮೊದಲ ಮೂರನ್ನು ಎರಡು ಸ್ಟೇಷನ್ ದಾಟುವಷ್ಟರಲ್ಲಿ ಅಳಿಸಿ ಹಾಕಿದೆ.

ಹೋಗಲಿ, ರಂಜನಿಯಿಂದ ಶುರು ಮಾಡುತ್ತೇನೆ.

ರಂಜನಿಗೆ ನಲವತ್ತೇಳು. ಧಾರವಾಡದವಳು. ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಕೆಲಸ. ಮಾತ್ರೆ ನುಂಗಿದವರಿಗೆ ಏನೇನು ತೊಂದರೆಯಾಯಿತು ಎಂದು ವರದಿ ಬರೆಯಬೇಕು. ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚಿಗೆ ಬರೆದರೂ ಮೇಲಿನವರು ವಾಪಸ್ ಕಳಿಸುತ್ತಾರೆ. ಇಂಥ ರಂಜನಿ ತನ್ನ ಮಗಳಿಗೆ ಒಂದು ಸುಳ್ಳು ಹೇಳಿದ್ದಾಳೆ. ಮಗಳು ಧೃತಿ ಹೈಸ್ಕೂಲ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಒದೆಯುವವಳು. ಇಡೀ ಸೀಸನ್‌ನಲ್ಲಿ ಅವಳಿಗೆ ಒದೆಯಲು ಸಿಕ್ಕಿದ್ದು ಒಂದೇ ಸಲ. ಆ ಒಂದು ಸಲವನ್ನು ರಂಜನಿ ನೋಡಲಿಲ್ಲ. ‘ಡಿಡ್ ಯು ಸೀ ಇಟ್, ಅಮ್ಮಾ?’ ಎಂದು ಧೃತಿ ಕಾರಿನಲ್ಲಿ ಕೇಳಿದಾಗ, ‘ನೋಡಿದೆ, ಯಾಕ ನೋಡಂಗಿಲ್ಲ?’ ಎಂದುಬಿಟ್ಟಳು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಧೃತಿ ಕಾಲೇಜ್ ಅಪ್ಲಿಕೇಶನ್ನಿಗೆ ಪ್ರಬಂಧ ಬರೆಯುತ್ತಿದ್ದಾಳೆ. ನವೆಂಬರ್ ಒಂದಕ್ಕೆ ಕಳಿಸಬೇಕು. ಆ ಒದೆತದ ಬಗ್ಗೆಯೇ ಬರೆಯುತ್ತಾಳಂತೆ, ಅದೂ ಸ್ಟ್ಯಾಂಡಿನಲ್ಲಿ ಕೂತ ಅಮ್ಮನಿಗೆ ಕಂಡ ಹಾಗೆ. ‘ಕೋಚ್ ಹತ್ರ ಫಿಲ್ಮ್ ಇದೆ, ಐ ನೋ ವಾಟ್ ಹ್ಯಾಪನ್ಡ್. ಐ ವಾಂಟ್ ಯುವರ್ ಪಿಒವಿ’ ಎಂದು ದಿನಾ ಕೇಳುತ್ತಾಳೆ. ಪಿಒವಿ ಎಂದರೆ ಅಮ್ಮನ ಕಣ್ಣಿಗೆ ಕಂಡದ್ದು.

ಹಾಗಾಗಿ ರಂಜನಿ ನನ್ನ ಬೆನ್ನು ಹತ್ತಿದ್ದಾಳೆ. ‘ಸರ, ನನಗ ನಿಮ್ಮ ಕಥಿ ಬ್ಯಾಡ. ಒಂದು ಪ್ಯಾರಾಗ್ರಾಫ್ ಬರದು ಕೊಡ್ರಿ ಸಾಕು.’

(ಕಥೆಯಲ್ಲಿ ಅವಳು ಎನ್ನುತ್ತೇನೆ, ಫೋನಿನಲ್ಲಿ ಅವರು ಎನ್ನುತ್ತೇನೆ. ಅವಳಿಗೆ ಎರಡೂ ಗೊತ್ತು.)

೨

ಈಗ ಹಿನ್ನೆಲೆ ಹೇಳಬೇಕು. ಹಿನ್ನೆಲೆ ಎಂದ ತಕ್ಷಣ ನನಗೇ ಆಕಳಿಕೆ ಬರುತ್ತದೆ, ಬೇಗ ಮುಗಿಸುತ್ತೇನೆ.

ಹೆದ್ದಾರಿಯ ಎಕ್ಸಿಟ್ 8ಎ ಹತ್ತಿರದ ಗೋದಾಮುಗಳ ಬೆನ್ನಿಗೆ ಒಂದು ಹೈಸ್ಕೂಲಿದೆ. (ಹೆಸರು ಕೇಳಬೇಡಿ, ಕಟ್ಟಿದವನು ನಾನೇ.) ಅಲ್ಲಿ ಸ್ಪಿರಿಟ್ ಕಮಿಟಿ ಎಂಬ ಪೋಷಕರ ಗುಂಪಿದೆ. ಸೋಲುವ ತಂಡದ ಆಟಕ್ಕೆ ಜನರನ್ನು ಕರೆಸುವುದು, ಬಂದವರನ್ನು ಕೊನೆಯವರೆಗೆ ಕೂರಿಸುವುದು, ಕೂತವರಿಂದ ಕೂಗಿಸುವುದು ಅದರ ಕೆಲಸ. ತಂಡ ಆಗಲೇ ಐದಕ್ಕೆ ಐದೂ ಸೋತಿತ್ತು. ಕಮಿಟಿ ಎಲ್ಲರೂ ಬಿಳಿ ಅಂಗಿ ತೊಟ್ಟು ಬನ್ನಿ ಎಂದಿತು. ಅಕ್ಟೋಬರಿನ ಚಳಿಯಲ್ಲಿ ಬೀಚ್ ಥೀಮ್ ಇಟ್ಟು ಮಕ್ಕಳನ್ನು ಹೂವಿನ ಚಡ್ಡಿಯಲ್ಲಿ ನಡುಗಿಸಿತು. ಇನ್ನೂರು ದನದ ಗಂಟೆ ಹಂಚಿತು. ಟೀ-ಶರ್ಟುಗಳನ್ನು ಸುತ್ತಿ ಕೊಳವೆಯಿಂದ ಜನರ ಮೇಲೆ ಹಾರಿಸಿತು. ಅದರಲ್ಲೊಂದು ವೈಸ್ ಪ್ರಿನ್ಸಿಪಾಲರ ಕಾಫಿಗೆ ಬಿತ್ತು. ಎಲ್ಲವೂ ಹಾಫ್‌ಟೈಮ್‌ವರೆಗೆ ನಡೆಯಿತು. ಹಾಫ್‌ಟೈಮ್‌ನಲ್ಲಿ ಶಾಲೆಯ ಬ್ಯಾಂಡ್ ಮೈದಾನಕ್ಕೆ ಇಳಿಯುತ್ತದೆ, ಬ್ಯಾಂಡಿನಲ್ಲಿ ಅರ್ಧಕ್ಕರ್ಧ ನಮ್ಮವರ ಮಕ್ಕಳು. ಬಾರಿಸಿ ಮುಗಿಸಿದರೋ ಇಲ್ಲವೋ, ಅಪ್ಪ ಅಮ್ಮಂದಿರು ಮಡಿಸುವ ಕುರ್ಚಿ ಬಗಲಿಗೇರಿಸಿಕೊಂಡು ಪಾರ್ಕಿಂಗ್ ಲಾಟಿನ ಕಡೆ ಹೊರಟರು.

ಧೃತಿ ಒಂದು ದಿನ ಚಪಾತಿ ಹರಿಯುತ್ತಾ ಹೇಳಿದಳು: ‘ಇಫ್ ಐ ಎವರ್ ಗೆಟ್ ಟು ಕಿಕ್, ಇಟ್ಸ್ ಗೋಯಿಂಗ್ ಟು ಬಿ ಫಾರ್ ದ ಬೆಂಚಸ್.’ ದೂರುವ ದನಿಯೂ ಇರಲಿಲ್ಲ. ಮರುದಿನವೇ ರಂಜನಿ ಸ್ಪಿರಿಟ್ ಕಮಿಟಿಗೆ ಹೆಸರು ಕೊಟ್ಟಳು.

ಒಂಬತ್ತು ವರ್ಷದಿಂದ ಕನ್ನಡ ಕೂಟದ ಊಟದ ಉಸ್ತುವಾರಿ ಅವಳದು. ತಮ್ಮ ಮಗುವಿನ ಡಾನ್ಸ್ ಆದ ಕೂಡಲೇ ಜಾಗ ಖಾಲಿ ಮಾಡುವ ಜನರನ್ನು ವಂದನಾರ್ಪಣೆಯವರೆಗೆ ಕೂರಿಸುವ ಮಂತ್ರ ಅವಳಿಗೆ ಬರುತ್ತಿತ್ತು. ಕಮಿಟಿಯ ಜೂಮ್ ಮೀಟಿಂಗಿನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ, ಆಟದ ದಿನ ಮೈಕ್ ಹಿಡಿಯುವ ಬಳ್ಳಾರಿಯ ಇಮ್ರಾನ್‌ಗೆ ಕನ್ನಡದಲ್ಲಿ ಹೇಳಿದಳು: ‘ಊಟ ಕೊನೀಗೆ ಇಡ್ರಿ. ಒಬ್ರೂ ಎದ್ದು ಹೋಗಂಗಿಲ್ಲ.’

೩ (ಹರಿದು ಹಾಕಿದ್ದು)

ಇಲ್ಲಿ ಒಂದು ದೊಡ್ಡ ಪ್ಯಾರಾ ಇತ್ತು: ವಲಸೆ, ಸಮುದಾಯ, ಹಸಿವು, ಅಸ್ಮಿತೆ. ರಂಜನಿಗೆ ಕಳಿಸಿದೆ. ‘ಸರ, ಇದರಾಗ ನನ್ನ ಮಗಳು ಎಲ್ಲಿದ್ದಾಳ?’ ಎಂದು ಮೆಸೇಜ್ ಬಂತು. ಅಳಿಸಿದೆ.

೩

ಶನಿವಾರ, ಮಧ್ಯಾಹ್ನ ಒಂದು ಗಂಟೆಯ ಆಟ. ಗಂಡ ಶಿವಪ್ರಕಾಶ್ ಕೆಲಸದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ. ರಂಜನಿ ಬೆಳಗಿನ ಜಾವ ಎದ್ದು ಆರು ದೊಡ್ಡ ಟ್ರೇ ಬಿಸಿಬೇಳೆಭಾತ್ ಮಾಡಿ, ಫಾಯಿಲ್ ಮುಚ್ಚಿ, ಕಾರಿನ ಹಿಂದೆ ಇಟ್ಟಳು. ಮೊಸರನ್ನ ಬೇರೆ. ಖಾರಾಬೂಂದಿ ನಾಲ್ಕು ದೊಡ್ಡ ಪ್ಯಾಕೆಟ್.

ಅವಳ ಮಂತ್ರ ಫಲಿಸಿತು, ಸುಳ್ಳು ಹೇಳಬಾರದು. ಹಾಫ್‌ಟೈಮ್ ಮುಗಿಯಿತು, ಬ್ಯಾಂಡ್ ಮೇಲೆ ಬಂದು ಕೂತಿತು, ಇಮ್ರಾನ್ ‘ಲಂಚ್ ಫಾರ್ ಎವ್ರಿವನ್ ಆಫ್ಟರ್ ದ ಗೇಮ್’ ಎಂದು ಮೈಕಿನಲ್ಲಿ ಸಾರಿದ. ನೂರಿಪ್ಪತ್ತು ಜನ ಕೂತೇ ಇದ್ದರು. ಕೂತವರು ಬೇಸರಕ್ಕಾದರೂ ದನದ ಗಂಟೆ ಅಲ್ಲಾಡಿಸಿದರು. ಕೋಚ್ ಎರಡು ಸಲ ಹಿಂತಿರುಗಿ ನೋಡಿದ. ಧೃತಿ ಹೆಲ್ಮೆಟ್ ತೆಗೆದು ಸ್ಟ್ಯಾಂಡಿನ ಕಡೆ ಕಣ್ಣರಳಿಸಿ ನೋಡಿದಳು. ಆ ನೋಟ ಕಂಡು ರಂಜನಿಗೆ ಆದ ಖುಷಿ ಇಷ್ಟಷ್ಟಲ್ಲ.

ನಾಲ್ಕನೇ ಕ್ವಾರ್ಟರ್, ಅಂದರೆ ಆಟದ ಕೊನೆಯ ಕಾಲುಭಾಗ. ಸ್ಕೋರ್ ಮೂವತ್ತನಾಲ್ಕು–ಸೊನ್ನೆ, ನಮ್ಮದು ಸೊನ್ನೆ. ಮೂರು ಗಂಟೆಯಾಗಿತ್ತು. ಸ್ಟ್ಯಾಂಡಿನ ಪಕ್ಕದಲ್ಲಿ ಬೇಲಿಗೆ ಹತ್ತಿ ಟೇಬಲ್ ಹಾಕಿದ್ದರು. ಕೊನೆಗೆ ಗಡಿಬಿಡಿಯಾಗಬಾರದು ಅಂತ ರಂಜನಿ ಹೋಗಿ ಪೇಪರ್ ಪ್ಲೇಟುಗಳ ಕಟ್ಟು ಒಡೆದು ಟೇಬಲ್ಲಿನ ತುದಿಗೆ ಇಟ್ಟಳು.

ಇಷ್ಟೇ. ತಪ್ಪಾದದ್ದು ಇಲ್ಲೇ. ಒಂಬತ್ತು ವರ್ಷದ ಅನುಭವ ಇದ್ದವಳು ಇದನ್ನು ಹೇಗೆ ಮರೆತಳೋ. ಮೈಕಿನಲ್ಲಿ ಏನು ಬೇಕಾದರೂ ಹೇಳಲಿ, ನಮ್ಮವರ ಪಾಲಿಗೆ ಪ್ಲೇಟ್ ಕಂಡರೆ ಊಟ ಶುರು ಅಂತಲೇ.

ಮೊದಲು ಬಂದವರು ಮೈಸೂರಿನ ಅಶ್ವತ್ಥನಾರಾಯಣ ಅಂಕಲ್, ಎಪ್ಪತ್ತಾರು ವರ್ಷ, ಮೊಮ್ಮಗ ಟ್ರಂಪೆಟ್. ‘ಶುಗರ್ ಕಣಮ್ಮ. ತಲೆ ಸುತ್ತೋ ಹಾಗಾಗ್ತಿದೆ. ಒಂದು ಚೂರು ಹಾಕ್ಬಿಡು, ಅಲ್ಲೇ ನಿಂತು ತಿನ್ಕೋತೀನಿ.’

ಇಲ್ಲ ಎನ್ನಲಾದೀತೇ? ಫಾಯಿಲ್ ಸರಿಸಿದಳು. ಒಗ್ಗರಣೆ ಪರಿಮಳ ಹೊರಟಿತು. ಅಂಕಲ್ ಹಿಂದೆ ಇಬ್ಬರು, ಇಬ್ಬರ ಹಿಂದೆ ಎಂಟು ಜನ. ಐದು ನಿಮಿಷದಲ್ಲಿ ಸ್ಟ್ಯಾಂಡಿನಲ್ಲಿ ಬ್ಯಾಂಡಿನ ಮಕ್ಕಳು ಮತ್ತು ಬೆಂಚಿನ ಮೇಲೆ ಬಿಟ್ಟುಹೋದ ದನದ ಗಂಟೆಗಳು ಮಾತ್ರ ಉಳಿದವು. ಇಮ್ರಾನ್ ‘ಫೋಕ್ಸ್, ಪ್ಲೀಸ್’ ಎಂದ. ಯಾರೂ ಕಿವಿಗೊಡಲಿಲ್ಲ.

ಆಗ ನಮ್ಮ ತಂಡ ಟಚ್‌ಡೌನ್ ಮಾಡಿತು. ಆರು ಪಾಯಿಂಟ್. ಟಚ್‌ಡೌನ್ ಆದಮೇಲೆ ಚೆಂಡನ್ನು ಎರಡು ಕಂಬಗಳ ನಡುವೆ ಒದ್ದರೆ ಇನ್ನೊಂದು ಪಾಯಿಂಟ್ ಸಿಗುತ್ತದೆ. ಅದಕ್ಕೇ ಧೃತಿ ಇರುವುದು.

೪, ಎಂದರೆ ಒದೆತ

ರಂಜನಿಗೆ ಕೊಟ್ಟ ಮೊದಲ ಕರಡು: ‘ಚೆಂಡು ಗೂಡಿನಿಂದ ಮೊದಲ ಸಲ ಹಾರಿದ ಹಕ್ಕಿಯ ಹಾಗೆ...’

‘ಹಕ್ಕಿ ಗಿಕ್ಕಿ ಬ್ಯಾಡ್ರಿ ಸರ. ಅಕಿ ನಂಬಂಗಿಲ್ಲ.’

ಎರಡನೇ ಕರಡು. ಚೆಂಡು ಕಂಬಕ್ಕೆ ಬಡಿದು ವಾಪಸ್ ಬರುತ್ತದೆ. ಸೋಲಿನಲ್ಲೂ ಮಗಳು ತಲೆ ಎತ್ತಿ ನಡೆಯುತ್ತಾಳೆ, ತಾಯಿಯ ಕಣ್ಣಲ್ಲಿ ನೀರು.

‘ಸ್ಕೋರ್‌ಬೋರ್ಡಿನ್ಯಾಗ ಏಳು ಅಂತ ಬಂದದ. ಏಳು ಹೆಂಗ ಬಂತ್ರಿ ಹಂಗಾರ? ಮತ್ತ ನಾ ಎಲ್ಲೀ ಅಳಲಿಲ್ಲ. ನನ್ನ ಕಣ್ಣೀರು ನೀವು ಯಾಕ ಸುರಸ್ತೀರಿ?’

‘ರಂಜನಿಯವರೇ, ಕಥೆಗೆ ಸ್ವಲ್ಪ ತೂಕ ಬೇಕಲ್ಲ...’

‘ತೂಕ ನನಗ ಸಾಕಾಗ್ಯದ. ನೀವು ನೋಡಿದ್ದು ಬರೀರಿ. ಆ ಹೊತ್ತಿನ್ಯಾಗ ನೀವು ನನ್ನ ಮುಂದನ ನಿಂತಿದ್ರಿ. ನನ್ನ ಬೆನ್ನು ಫೀಲ್ಡಿಗೆ, ನಿಮ್ಮ ಮಾರಿ ಫೀಲ್ಡಿಗೆ. ಅದಕ್ಕ ನಿಮ್ಮನ್ನ ಕೇಳಾಕತ್ತೀನಿ, ನೀವು ಕಥಿ ಬರೀತೀರಿ ಅಂತಲ್ಲ.’

ಓದುಗರೇ, ಇದನ್ನು ಮೊದಲೇ ಹೇಳಬೇಕಿತ್ತು. ಹೌದು, ನಾನು ಅಲ್ಲಿದ್ದೆ. ಮರುದಿನ ಎಡಿಸನ್‌ನಲ್ಲಿ ನನ್ನ ಕಥಾವಾಚನ ಇತ್ತು, ರಂಜನಿಯ ಮನೆಯಲ್ಲೇ ಉಳಿದಿದ್ದೆ. ಸಾಲಿನಲ್ಲಿ ನಾನೂ ಒಬ್ಬ.

ಆ ಕ್ಷಣ ಹೀಗಿತ್ತು. ಇಮ್ರಾನ್ ಮೈಕಿನಲ್ಲಿ ಧೃತಿಯ ಹೆಸರು ಕೂಗಿದ. ರಂಜನಿಗೆ ಕೇಳಿಸಿತು. ಅವಳ ಕೈಯಲ್ಲಿ ಸೌಟು ತುಂಬಿತ್ತು, ಎದುರಿಗೆ ಒಂದು ಪ್ಲೇಟ್ ಚಾಚಿಕೊಂಡಿತ್ತು. ಚಾಚಿದ ಪ್ಲೇಟಿಗೆ ಬೆನ್ನು ತಿರುಗಿಸುವುದು ಅವಳಿಂದ ಆಗುವುದಿಲ್ಲ, ಹುಟ್ಟಿದಾಗಿನಿಂದ ಆ ಅಭ್ಯಾಸವಿಲ್ಲ. ಬಡಿಸಿದಳು. ಇನ್ನೇನು ತಿರುಗಬೇಕು, ಪ್ಲೇಟ್ ಹಿಡಿದವನು ‘ಬೂಂದಿ ಇನ್ನೊಂದು ಸ್ವಲ್ಪ’ ಎಂದ. ಹಾಕಿದಳು. ಹಿಂದೆ ಧಪ್ ಎಂದು ಸದ್ದಾಯಿತು. ತಿರುಗಿದಾಗ ಯಾರೋ ಒಬ್ಬ ಬೇಲಿಯಾಚೆಯಿಂದ ಚೆಂಡು ಹೆಕ್ಕಿ ತರುತ್ತಿದ್ದ, ಸ್ಕೋರ್‌ಬೋರ್ಡಿನಲ್ಲಿ ಆರು ಹೋಗಿ ಏಳು ಬಂದಿತ್ತು, ಧೃತಿ ಖಾಲಿ ಬೆಂಚುಗಳ ಕಡೆ ನೋಡುತ್ತಿದ್ದಳು.

ಬೂಂದಿ ಕೇಳಿದವನು ನಾನು. ನನ್ನ ಮುಖ ಮೈದಾನದ ಕಡೆಗೇ ಇತ್ತು. ಕಣ್ಣು ಮಾತ್ರ ಬೂಂದಿಯ ಮೇಲೆ. ಪ್ಯಾಕೆಟ್ ತಳ ಕಾಣುತ್ತಿತ್ತು, ಹಿಂದೆ ಇನ್ನೂ ಅರವತ್ತು ಜನ ಇದ್ದರು, ನನಗೆ ಸಿಗದೇ ಹೋದೀತೆಂಬ ಚಿಂತೆ. ಎರಡು ವಾರದಿಂದ ರೈಲಿನಲ್ಲಿ ನಿಂತಲ್ಲಿ ನಿಲ್ಲಲಾಗದೆ, ಆರಂಭ ಬದಲಿಸಿ, ಅಂತ್ಯ ಬದಲಿಸಿ ಒದ್ದಾಡುತ್ತಿರುವುದು ಇದಕ್ಕೇ. ನಾಚಿಕೆಯಾಗುತ್ತದೆ.

ನಿಮಗೆ ಹೇಳಿದೆ. ರಂಜನಿಗೆ ಹೇಳಲಿಲ್ಲ. ಮೂರನೇ ಕರಡು ಕಳಿಸಿದೆ.

ಅದರಲ್ಲಿ ಹಕ್ಕಿ ಇಲ್ಲ, ಕಣ್ಣೀರಿಲ್ಲ. ಧೃತಿ ಮೂರು ಹೆಜ್ಜೆ ಹಿಂದೆ ಇಡುತ್ತಾಳೆ, ಎಡಕ್ಕೆ ಎರಡು. ಒಂದು ಸಲ ಕೈ ಒದರಿಕೊಳ್ಳುತ್ತಾಳೆ. ಒದ್ದಮೇಲೆ ಚೆಂಡು ಮೊದಲು ಬಲಕ್ಕೆ ವಾಲುತ್ತದೆ, ಅಮ್ಮನ ಎದೆ ಧಸಕ್ಕೆನ್ನುತ್ತದೆ, ಆಮೇಲೆ ಅದು ಒಳಕ್ಕೆ ತಿರುಗಿ ಕಂಬದ ಒಂದು ಗೇಣು ಈಚೆಗೆ ದಾಟುತ್ತದೆ. ಒಂದಕ್ಷರವೂ ನಾನು ಕಂಡದ್ದಲ್ಲ. ಫೋನಿನಲ್ಲಿ ಹತ್ತಿಪ್ಪತ್ತು ವಿಡಿಯೋ ನೋಡಿ ಜೋಡಿಸಿದ್ದು.

ರಂಜನಿಯ ಉತ್ತರ ಬಂತು: ‘ಸರ, ಈಗ ನಾ ನೋಡಿದಂಗ ಆತು.’

೫

ಭಾನುವಾರ ಮಧ್ಯಾಹ್ನ ಅಡಿಗೆಮನೆಯ ಟೇಬಲ್ಲಿನ ಮುಂದೆ ರಂಜನಿ ಅದನ್ನು ಓದಿದಳು. ಧೃತಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಮುಗಿದಮೇಲೆ ‘ದಿಸ್ ಈಸ್ ರಿಯಲಿ ಗುಡ್, ಅಮ್ಮಾ’ ಎಂದಳು. ರಂಜನಿಗೆ ಉಸಿರು ನಿರಾಳವಾಯಿತು.

ಆಮೇಲೆ ಧೃತಿ ಫೋನ್ ತಿರುಗಿಸಿ ತೋರಿಸಿದಳು. ಎದುರು ತಂಡದ ಕಡೆ ಕೂತಿದ್ದ ಗೆಳತಿಯೊಬ್ಬಳು ತೆಗೆದ ಹನ್ನೊಂದು ಸೆಕೆಂಡಿನ ವಿಡಿಯೋ. ಒದೆತ, ಚೆಂಡು, ಕಂಬ. ಹಿಂದೆ ಖಾಲಿ ಸ್ಟ್ಯಾಂಡು. ಪಕ್ಕದಲ್ಲಿ ಉದ್ದದ ಸಾಲು. ಧೃತಿ ವಿಡಿಯೋ ನಿಲ್ಲಿಸಿ ಎರಡು ಬೆರಳಲ್ಲಿ ಹಿಗ್ಗಿಸಿದಳು. ಹಸಿರು ಜಾಕೆಟ್ಟಿನ ಬೆನ್ನು.

‘ದಿಸ್ ಈಸ್ ಯು, ರೈಟ್?’

ಧೃತಿ ಬೆರಳನ್ನು ಪಕ್ಕಕ್ಕೆ ಸರಿಸಿದಳು.

‘ಅಂಡ್ ದಿಸ್ ಅಂಕಲ್ ಈಸ್ ಲುಕಿಂಗ್ ಸ್ಟ್ರೈಟ್ ಅಟ್ ಮಿ. ವೇಟ್, ನೋ. ಹಿ ಈಸ್ ಲುಕಿಂಗ್ ಅಟ್ ದ ಫುಡ್.’ ಫೋನ್ ಕೆಳಗಿಟ್ಟಳು. ‘ಸೋ ಹೂಸ್ ಪಿಒವಿ ಈಸ್ ದಿಸ್?’

ಇಷ್ಟನ್ನು ರಂಜನಿ ಮೆಸೇಜಿನಲ್ಲಿ ತಿಳಿಸಿದಳು, ನಾನು ಅಂತ್ಯ ಯೋಚಿಸತೊಡಗಿದೆ.

ಅಂತ್ಯ (ಅ): ರಂಜನಿ ತಪ್ಪೊಪ್ಪಿಕೊಳ್ಳುತ್ತಾಳೆ, ಮಗಳು ಅಪ್ಪಿಕೊಳ್ಳುತ್ತಾಳೆ. ನನಗೇ ಸಂಕೋಚ.

ಅಂತ್ಯ (ಆ): ಧೃತಿ ಪ್ರಬಂಧ ಅಳಿಸಿ, ಸಾಲಿನಲ್ಲಿ ನಿಂತವರ ಬಗ್ಗೆ ಹೊಸದು ಬರೆಯುತ್ತಾಳೆ, ಕಾಲೇಜು ಸಿಗುತ್ತದೆ. ಇದು ಮ್ಯಾಗಜೀನಿಗೆ ಸರಿಹೋಗುತ್ತದೆ.

ಅಂತ್ಯ (ಇ) ಬರೆಯುವಷ್ಟರಲ್ಲಿ ಫೋನ್ ಬಂತು. ನಾನು ಹಿಕ್ಸ್‌ವಿಲ್‌ನ ಅಂಗಡಿಯೊಂದರಲ್ಲಿ ಕೊತ್ತಂಬರಿ ಕಟ್ಟು ಹಿಡಿದು ನಿಂತಿದ್ದೆ. ರಂಜನಿ ಪಿಸುಗುಟ್ಟಿದಳು. ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಳು.

‘ನೀವೂ ನೋಡಿಲ್ಲ ಅನ್ನೂದು ವಿಡಿಯೋದಾಗ ಕಾಣ್ತದ ಸರ.’ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ‘ಅದು ಇರ್ಲಿ. ಅಕಿ ಅಳಿಸಿಲ್ಲ. “ರೀಡ್ ಇಟ್ ಅಗೇನ್, ಸ್ಲೋಲಿ” ಅಂದ್ಳು. ಚಾಷ್ಟಿ ಮಾಡ್ತಾಳೋ, ಖರೇನ ಕೇಳ್ತಾಳೋ, ಮಾರಿ ನೋಡಿದ್ರ ತಿಳೀವಲ್ದು. ಇನ್ನೊಂದ್ಸಲ ಓದ್ಲೋ ಬ್ಯಾಡೋ? ನೀವು ಬರದದ್ದು, ನೀವ ಹೇಳ್ರಿ.’

ಅವಳ ಹಿಂದೆ ಬಾಗಿಲು ತಟ್ಟಿದ ಸದ್ದು, ‘ಅಮ್ಮಾ?’ ಎಂಬ ದನಿ.

ಓದಿ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಬೇಡ ಎಂದರೆ, ಬೂಂದಿ ಕೇಳಿ ಒಮ್ಮೆ ತಪ್ಪಿಸಿದವನು, ಮಗಳು ಕೇಳಿದ್ದನ್ನು ರಂಜನಿಗೆ ಎರಡನೇ ಸಲವೂ ತಪ್ಪಿಸಿದವನಾಗುತ್ತೇನೆ. ಹೀಗೆ ಚೆಂದವಾಗಿ ಬರೆಯಲು ನನಗೆ ಬರುತ್ತದೆ. ರಂಜನಿ ಇನ್ನೂ ಲೈನಿನಲ್ಲಿದ್ದಾಳೆ, ಬಾಗಿಲು ಮತ್ತೆ ತಟ್ಟುತ್ತಿದೆ, ನಾನು ಅವಳಿಗೆ ಏನೂ ಹೇಳದೆ ನಿಮ್ಮ ಜೊತೆ ಮಾತಾಡುತ್ತಿದ್ದೇನೆ.