ಕಡೆಯ ಮನೆಗೆ ಹೇಳಿಕೆ

ಹೇಳಿಕೆ ಎಂದರೆ ಆ ಸೀಮೆಯಲ್ಲಿ ಹುಡುಗಾಟವಲ್ಲ. ಮದುವೆಯ ಕಾಗದ ಅಚ್ಚು ಹಾಕಿಸಿ ಅಂಚೆಗೆ ಹಾಕಿ ಕೈತೊಳೆದುಕೊಂಡರೆ ಒಬ್ಬ ನೆಂಟನೂ ಹೊಸ್ತಿಲು ದಾಟುವುದಿಲ್ಲ. ಮನೆಯವನೇ ಖುದ್ದಾಗಿ ಹೋಗಬೇಕು. ಯಜಮಾನನ ಕೈಗೆ ಅಕ್ಷತೆ ಕೊಟ್ಟು, ಹೆಂಗಸರ ಮುಂದೆ ಕುಂಕುಮದ ಭರಣಿ ಹಿಡಿದು, ಎಲ್ಲರೂ ಬಂದು ಚಂದಗಾಣಿಸಿಕೊಡಿ ಎಂದು ಬಾಯಿಬಿಟ್ಟು ಕರೆಯಬೇಕು. ಶಿರಸಿ ಹತ್ತಿರದ ನಾಗಪತಿ ಹೆಗಡೆ ತಂಗಿ ಪರಿಮಳಾಳ ಮದುವೆಗೆ ಹೀಗೆ ಊರೂರು ತಿರುಗಿ ಹೇಳಿಕೆ ಮಾಡಲು ಸೈಕಲ್ ಹತ್ತಿದ್ದು ಐವತ್ತೊಂಬತ್ತನೇ ಇಸವಿಯ ಮಾಘಮಾಸದಲ್ಲಿ.

ಪರಿಮಳಾಳಿಗೆ ಇದು ಮೂರನೆಯ ಸಂಬಂಧ. ಮೊದಲನೆಯದು ನಿಶ್ಚಯವಾಗಿದ್ದಾಗ ಅಪ್ಪ ತೀರಿಕೊಂಡ. ಎರಡನೆಯದರ ಹೊತ್ತಿಗೆ, ಮುಖ ನೋಡಿ ವರ್ಷಗಳಾಗಿದ್ದ ಯಾವನೋ ದಾಯಾದಿ ಮುದುಕ ಮದುವೆಗೆ ವಾರವಿರುವಾಗ ಕಣ್ಣು ಮುಚ್ಚಿದ. ಹತ್ತು ದಿನ ಸೂತಕ, ಮುಹೂರ್ತ ತಪ್ಪಿತು, ಗಂಡಿನವರು ಅಪಶಕುನವೆಂದು ಬೇರೆ ಕಡೆ ನೋಡಿಕೊಂಡರು. ಈಗ ಸಿದ್ದಾಪುರದ ಕಡೆಯ ಹುಡುಗ ಸಿಕ್ಕಿದ್ದ. ಅವನ ತಾಯಿ ಮಾತ್ರ ಬಾಯಿ ಗಟ್ಟಿಯವಳು. ‘ಈ ಸಲವೂ ಸೂತಕ ಗೀತಕ ಹೇಳಿ ಬಂದ್ರೆ ನಮ್ಮ ಆಸೆ ಬಿಟ್ಬಿಡಿ’ ಎಂದು ಎಲೆ ಮುಂದೆ ಕೂತೇ ಹೇಳಿ ಹೋಗಿದ್ದಳು. ಪರಿಮಳಾ ಅಂದಿನಿಂದ ಹೊರಗಿನ ಜಗಲಿಗೆ ಬರುವುದನ್ನೇ ಬಿಟ್ಟಳು. ಇಪ್ಪತ್ತಾರು ತುಂಬಿದ ತಂಗಿ ಒಳಗೆ ಗೋಡೆಗೆ ಒರಗಿ ಕೂತಿದ್ದನ್ನು ನೋಡಿದಾಗಲೆಲ್ಲ ನಾಗಪತಿ ಊಟದ ಎಲೆಯಿಂದ ಅರ್ಧಕ್ಕೇ ಏಳುತ್ತಿದ್ದ.

ಸಿದ್ದಾಪುರದ ಕಡೆ ಮೊದಲು ಮುಗಿಸಿದ. ಅಬ್ಬಬ್ಬಾ, ಅದೇನು ರಸ್ತೆ! ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದಿತ್ತು, ಹೊಂಡಗಳು ಮಾತ್ರ ಎಲ್ಲೂ ಹೋಗಿರಲಿಲ್ಲ. ಏರು ಬಂದರೆ ಇಳಿದು ದಬ್ಬುವುದು, ಇಳಿಜಾರು ಬಂದರೆ ಬ್ರೇಕನ್ನೂ ದೇವರನ್ನೂ ಒಟ್ಟಿಗೆ ನಂಬುವುದು. ಕಾಡು ಮುಗಿದಲ್ಲಿ ಒಂದು ಕೆರೆ, ಕೆರೆಯ ಏರಿ ದಾಟಿದರೆ ನಾಲ್ಕು ಮನೆ, ಮತ್ತೆ ಕಾಡು. ಬೇರೆ ಕಾಲದಲ್ಲಾಗಿದ್ದರೆ ಅವನು ಸೀಟಿ ಹೊಡೆಯುತ್ತ ತಿರುಗುತ್ತಿದ್ದ. ಈಗ ಪ್ರತಿ ಮನೆಯ ಅಂಗಳಕ್ಕೆ ಬಂದಾಗಲೂ ಕಣ್ಣು ಮೊದಲು ಜಗಲಿಯತ್ತ ಹೋಗುತ್ತಿತ್ತು. ಅಜ್ಜಂದಿರು ಎದ್ದು ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದರೆ ಸಾಕು, ಸದ್ಯ ಬದುಕಿದ್ದಾರಲ್ಲ ಎಂದು ಉಸಿರು ಬಿಡುತ್ತಿದ್ದ. ಎಂಥ ಹಾಳು ಬುದ್ಧಿ ಬಂತಪ್ಪ ಎಂದು ತನಗೇ ಹೇಸಿಗೆಯಾಗುತ್ತಿತ್ತು.

ಕಡೆಯ ಮನೆ ಗಣಪಣ್ಣನದು. ಯಲ್ಲಾಪುರ ದಾಟಿ ವಜ್ರಳ್ಳಿಯ ಆಚೆ, ಕೆರೆಯ ದಂಡೆಯಲ್ಲಿ ಒಂಟಿ ಮನೆ. ಗಣಪ ದೊಡ್ಡಪ್ಪನ ಮಗ, ನಾಗಪತಿಗಿಂತ ಎಂಟು ವರ್ಷಕ್ಕೆ ದೊಡ್ಡವನು. ನಾಗಪತಿಯ ಅಪ್ಪ ಸತ್ತಾಗ ಬಂದು ಎರಡು ತಿಂಗಳು ಕೂತು ಮನೆಯನ್ನು ದಡ ಹತ್ತಿಸಿದವನು ಅವನೇ. ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ, ಅವನಿಗೆ ಹೆಂಡತಿ ನೀಲಾ ಬಿಟ್ಟರೆ ಹತ್ತಿರದವನು ನಾಗಪತಿಯೇ. ಆ ಮನೆಗೆ ಹೋಗುವುದೆಂದರೆ ನಾಗಪತಿಗೆ ಹಬ್ಬ. ಅದಕ್ಕೇ ಕಡೆಗೆ ಇಟ್ಟುಕೊಂಡಿದ್ದ.

ಬೆಳಗಿನ ಮಂಜಿನಲ್ಲಿ ಬೇಡ್ತಿ ಹೊಳೆ ದಾಟಿ ಬಿಸಿಲೇರುವ ಹೊತ್ತಿಗೆ ಯಲ್ಲಾಪುರ ತಲುಪಿದ. ಮರದ ನಾಟಾ ಹೇರಿದ ಲಾರಿಗಳು ಸಾಲಾಗಿ ನಿಂತಲ್ಲಿ ಕಲ್ಲಯ್ಯನ ಚಾದಂಗಡಿ. ಕಲ್ಲಯ್ಯ ಬನವಾಸಿಯ ಕಡೆಯಿಂದ ಬಂದು ನೆಲೆಸಿದವನು, ಗುರುತಿನವನು.

‘ಬರ್ರಿ ಹೆಗಡೇರ, ಕುಂದರ್ರಿ,’ ಎಂದವನು ಕಪ್ಪು ಕೈಗೆ ಕೊಡುತ್ತ ದನಿ ತಗ್ಗಿಸಿದ. ‘ನಿಮ್ಮ ಅಣ್ಣಾರನ್ನ ನೋಡಾಕ ಹೊಂಟೀರೇನ್ರಿ? ಮೊನ್ನಿ ಗಾಡ್ಯಾಗ ಮಲಗಿಸಿಕೊಂಡು ಇಲ್ಲಿಗೆ ತಂದಿದ್ರು. ಜ್ವರ ನೆತ್ತಿಗೇರಿತ್ತು, ಮೈಮ್ಯಾಲ ಖಬರ ಇರಲಿಲ್ಲ. ಡಾಕ್ಟರು ಮನೀಗೆ ಕರಕೊಂಡು ಹೋಗ್ರಿ ಅಂದ್ರಂತ.’

ನಾಗಪತಿ ತಟ್ಟನೆ ಎದ್ದ. ಚಾ ಹಾಗೇ ಇಟ್ಟು ಸೈಕಲ್ ಹತ್ತಿದ. ಇಲ್ಲಿಂದ ಮುಂದೆ ಕಾಡೇ ಕಾಡು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಚಂದಗುಳಿಯ ಗಣಪತಿಯನ್ನು ನೆನೆದ. ಗಂಟೆ ಕಟ್ತೆ ದೇವರೇ, ಅಣ್ಣನ್ನ ಇರಿಸು ಎಂದು ಬೇಡಿಕೊಂಡ. ಏರು ಹತ್ತುವಾಗ ಆ ಬೇಡಿಕೆಗೆ ಬಾಲವೊಂದು ಹುಟ್ಟಿಕೊಂಡಿತು: ತ್ರಯೋದಶಿಯವರೆಗಾದರೂ. ಅಂದು ನವಮಿ, ಮದುವೆ ತ್ರಯೋದಶಿಗೆ. ತನ್ನನ್ನು ಮಗನಷ್ಟೇ ಪ್ರೀತಿಯಿಂದ ನೋಡಿಕೊಂಡ ಅಣ್ಣನ ಆಯುಷ್ಯವನ್ನು ತಾನು ಮುಹೂರ್ತಕ್ಕೆ ಅಳೆಯುತ್ತಿದ್ದೇನೆ ಎಂದು ಹೊಳೆದಾಗ ದಾರಿ ಬದಿಗೆ ಸೈಕಲ್ ನಿಲ್ಲಿಸಿ ಅತ್ತುಬಿಟ್ಟ. ಮತ್ತೆ ಮುಖ ಒರೆಸಿಕೊಂಡು ತುಳಿದ.

ಕೆರೆಯ ಏರಿಯ ಮೇಲೆ ಬರುವಾಗಲೇ ನೀಲಾ ಕಂಡಳು. ಸೈಕಲ್ ಸದ್ದು ಕೇಳಿ ಮನೆಯಿಂದ ಓಡಿ ಬಂದವಳು ಬೇಲಿಬಾಗಿಲ ದಣಪೆಯ ಒಳಗಡೆ ನಿಂತು ಎರಡೂ ಕೈ ಅಡ್ಡ ಮಾಡಿದಳು. ಹಿಂದೆ ಅಂಗಳದಲ್ಲಿ ಅವಳ ತಮ್ಮ, ಕೆಲಸದ ತಿಮ್ಮ, ಇನ್ನಿಬ್ಬರು ಕೂತಿದ್ದವರು ಇವನನ್ನು ಕಂಡದ್ದೇ ಎದ್ದು ಮನೆಯ ಹಿಂದಕ್ಕೆ ಹೋದರು. ಕೊಟ್ಟಿಗೆಯಲ್ಲಿ ಕರೆಯದ ಹಸು ಕೂಗುತ್ತಿತ್ತು. ಒಲೆಯ ಹೊಗೆ ಎಲ್ಲೂ ಇರಲಿಲ್ಲ.

‘ಅಲ್ಲೇ ನಿಲ್ಲು ನಾಗಪತಿ,’ ಎಂದಳು ನೀಲಾ. ‘ಹೇಳಿಕೆಗೆ ಬಂದ್ಯಾ?’

ಬಿಸಿಲಲ್ಲಿ ಬಂದವನನ್ನು ಆಸರಿಗೆ ಎಂತ ಬೇಕು ಎಂದು ಕೇಳದೆ, ಬೆಲ್ಲ ನೀರು ಕೊಡದೆ ಮಾತಾಡಿಸುವ ಮನೆ ಆ ಸೀಮೆಯಲ್ಲಿ ಇಲ್ಲ. ಅನ್ನಕ್ಕಿಲ್ಲದ ಮನೆಯವರೂ ನೀರು ಕೇಳುತ್ತಾರೆ. ನೀರು ಕೊಡಬಾರದ, ಕುಡಿಯಬಾರದ ಮನೆ ಒಂದೇ. ನಾಗಪತಿಗೆ ಎಲ್ಲವೂ ತಿಳಿದುಹೋಯಿತು.

‘ಅತ್ತಿಗೆ, ಅಣ್ಣ...’

‘ಮಲಗಿದ್ದ. ಈಗಷ್ಟೇ ನಿದ್ದೆ ಹತ್ತಿದ್ದು. ಎಬ್ಸಡ.’

ಅವಳ ಕಣ್ಣು ಒಣಗಿತ್ತು, ಗಂಟಲು ಒಡೆದಿತ್ತು. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ದಾಯಾದಿಗೆ ಸೂತಕ. ಕಿವಿಗೆ ಬೀಳುವವರೆಗೆ ಇಲ್ಲ. ಕನ್ಯಾದಾನ ಮಾಡಬೇಕಾದ ಕೈ ನಾಗಪತಿಯದು. ಅದೆಲ್ಲ ಅವಳಿಗೂ ಗೊತ್ತು, ಇವನಿಗೂ ಗೊತ್ತು. ಒಳಗೆ ಹೋಗಬೇಕು, ಅಣ್ಣನ ಮುಖ ನೋಡಬೇಕು, ಹೆಗಲು ಕೊಡಬೇಕು, ಬೆಂಕಿ ತನ್ನ ಕೈಯಿಂದಲೇ ಆಗಬೇಕು. ದಣಪೆ ದಾಟಿದರೆ ಮುಗಿಯಿತು. ಕಾಲು ಒಂದು ಸಲ ಎದ್ದದ್ದೂ ನಿಜ. ಗೋಡೆಗೆ ಒರಗಿ ಕೂತ ತಂಗಿ ಕಣ್ಣ ಮುಂದೆ ಬಂದಳು, ಕಾಲು ಅಲ್ಲೇ ಊರಿತು.

‘ಹೇಳಿಕೆ ಯಂಗೊಬ್ಬಳಿಗೇ ಹೇಳು, ಸಾಕು,’ ಎಂದಳು ನೀಲಾ. ‘ಭರಣಿ ಕೈಗೆ ಕೊಡಡ. ಅಲ್ಲಿ ಕಲ್ಲಿನ ಮೇಲೆ ಇಡು.’

ಅವನು ಇಟ್ಟು ಹಿಂದೆ ಸರಿದ. ಅವಳು ಬಗ್ಗಿ, ಭರಣಿಯನ್ನು ಮುಟ್ಟದೆ, ಬೆರಳ ತುದಿಯಲ್ಲಿ ಕುಂಕುಮ ಎತ್ತಿ ಹಣೆಗೆ ಇಟ್ಟುಕೊಂಡಳು. ನಾಗಪತಿ ನೆಲ ನೋಡುತ್ತ, ತ್ರಯೋದಶಿಗೆ ಪರಿಮಳಾಳ ಮದುವೆ, ಅಣ್ಣ ಅತ್ತಿಗೆ ಮುಂದಾಗಿ ಬಂದು ಚಂದಗಾಣಿಸಿಕೊಡಕು ಎಂದು ಹೇಳಿಯೇಬಿಟ್ಟ. ಆ ಮಾತು ಹೇಗೆ ಬಾಯಿಂದ ಬಂತೋ, ನಾಲಿಗೆ ಹೇಗೆ ತಿರುಗಿತೋ!

‘ಚಂದಾಗಿ ಆಗ್ಲಿ,’ ಎಂದಳು ನೀಲಾ. ‘ಎಂಗಳ ಕಡೆಯಿಂದ ಸುದ್ದಿ ಮದುವೆ ಮುಗಿದ ಮೇಲೇ ಬತ್ತು. ನೀ ಹೋಗು. ನೀ ಇಲ್ಲಿದ್ದಷ್ಟು ಹೊತ್ತು ಅವ್ರಿಗೆ ಕೆಲಸ ಮಾಡಲೆ ಆಗ್ತಿಲ್ಲೆ.’

ಎಂಥ ಕೆಲಸವೆಂದು ಅವನು ಕೇಳಲಿಲ್ಲ. ಸೈಕಲ್ ತಿರುಗಿಸಿದ.

ಮದುವೆ ಆಯಿತು. ಮಂಟಪದಲ್ಲಿ ನಾಗಪತಿ ಧಾರೆ ಎರೆದ. ಪರಿಮಳಾ ತಲೆಯೆತ್ತಿ ನಕ್ಕಳು, ಎಷ್ಟೋ ವರ್ಷದ ಮೇಲೆ. ಅದನ್ನು ನೋಡಿ ಅವನಿಗೆ ಖುಷಿಯಾಯಿತು, ಆಗಲಿಲ್ಲವೆಂದರೆ ಸುಳ್ಳಾದೀತು. ಗಣಪ ಏಕೆ ಬರಲಿಲ್ಲವೆಂದು ಹೆತ್ತ ಆಯಿ ಸೀತಮ್ಮ ಬಾಗಿಲು ನೋಡಿ ನೋಡಿ ಸೋತಳು. ದಿಬ್ಬಣ ಹೋದ ಮರುದಿನ ನೀಲಾಳ ತಮ್ಮ ಬಂದು ಅಂಗಳದಲ್ಲೇ ನಿಂತು ಸುದ್ದಿ ಹೇಳಿದ. ಆಯಿ ನೆಲಕ್ಕೆ ಕುಸಿದಳು. ಅತ್ತು ಮುಗಿದ ಮೇಲೆ, ಬೆಂಕಿ ಯಾರು ಕೊಟ್ಟರು ಎಂದು ಕೇಳಿದಳು. ಪುರೋಹಿತರ ಕೈಯಿಂದ ಕೊಡಿಸಿದೆವು ಎಂದ ಅವನು. ಯಾವತ್ತು ಎಂದು ಕೇಳಿದಳು. ನವಮಿ ಎಂದ.

ಆಯಿ ಮಗನ ಕಡೆ ತಿರುಗಿದಳು. ‘ನವಮಿ ದಿನ ನೀ ಅತ್ಲಾಗೇ ಹೇಳಿಕೆಗೆ ಹೋಗಿದ್ಯಲೋ?’

ನೆಂಟರಿಷ್ಟರು ಇನ್ನೂ ಮನೆಯಲ್ಲಿದ್ದರು. ಸೂತಕದ ಕೈಯಲ್ಲಿ ಕನ್ಯಾದಾನ ಎಂದು ಒಂದು ಮಾತು ಹೊರಗೆ ಬಿದ್ದರೆ ಸಿದ್ದಾಪುರಕ್ಕೆ ಮುಟ್ಟಲು ಎಷ್ಟು ಹೊತ್ತು? ಆ ಬಾಯಿ ಗಟ್ಟಿ ಅತ್ತೆ ಪರಿಮಳಾಳನ್ನು ತಂದು ಬಾಗಿಲಲ್ಲಿ ಬಿಟ್ಟು ಹೋಗುವವಳೇ.

‘ಯಲ್ಲಾಪುರದಲ್ಲಿ ಟೈರು ಹರಿತು,’ ಎಂದ ನಾಗಪತಿ. ‘ಅಲ್ಲಿಂದಲೇ ತಿರುಗಿದೆ. ವಜ್ರಳ್ಳಿಗೆ ಹೋಗಿದ್ನಿಲ್ಲೆ.’

ಆಯಿ ಅವನನ್ನು ದಿಟ್ಟಿಸಿ ನೋಡಿದಳು. ಅಷ್ಟು ಮಾಡಿದ ಗಣಪನಿಗೆ ಒಂದು ಹೇಳಿಕೆಯೂ ಮುಟ್ಟಲಿಲ್ಲವೆಂದು ಬಡಿದುಕೊಂಡಳು, ಮಗನ ಜೊತೆ ಮಾತು ಬಿಟ್ಟಳು.

ಹನ್ನೊಂದನೆಯ ದಿನ ತಾಯಿ ಮಗ ವಜ್ರಳ್ಳಿಗೆ ಹೋದರು. ಜಗಲಿಯ ತುಂಬ ಜನ. ನೀಲಾ ಒಳಗಿನ ಬಾಗಿಲ ಸಂದಿಯಲ್ಲಿ ಕೂತಿದ್ದಳು. ಆಯಿ ಸೀದಾ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

‘ಯನ್ನ ಮಗ ಯಲ್ಲಾಪುರದವರೆಗೆ ಬಂದವ ಇಲ್ಲಿಗೆ ಬರದೇ ತಿರುಗಿದ್ನಡ. ನಿಂಗೆ ಹೇಳಿಕೆಯೂ ಮಾಡಿದ್ನಿಲ್ಲೆ. ತಪ್ಪಾತು ಕೂಸೇ, ಮನಸಲ್ಲಿ ಇಟ್ಕಳಡ.’

ಎಲ್ಲರೂ ಇತ್ತ ನೋಡಿದರು. ನೀಲಾ ತಲೆಯೆತ್ತಿ, ಕಂಬದ ಪಕ್ಕ ನಿಂತ ನಾಗಪತಿಯನ್ನು ಒಂದು ಗಳಿಗೆ ನೋಡಿದಳು.

‘ಹೌದು ಅತ್ತೆ, ನಾಗಪತಿ ಬಂದಿದ್ನಿಲ್ಲೆ,’ ಎಂದಳು. ‘ಬಂದಿದ್ರೆ ಅಣ್ಣಂಗೆ ಬೆಂಕಿ ಕೊಡದೇ ಹೋಗ್ತಿದ್ನಾ?’