ಎತ್ತು, ಎಮ್ಮಿ, ಕುದರಿ, ಗಾಳಿ

ರೊಟ್ಟಿಯ ಮೇಲೆ ನೀರು ಸವರಿ ಇನ್ನೇನು ತಿರುವಿ ಹಾಕಬೇಕು ಎನ್ನುವಾಗ ಫೋನು ಹೊಡೆದುಕೊಳ್ಳತೊಡಗಿತು. ರಂಜನಾ ಹಿಟ್ಟಿನ ಕೈ ಸೀರೆಗೆ ತಾಗದಂತೆ ಎತ್ತಿ ಹಿಡಿದುಕೊಂಡು ಪಡಸಾಲೆಗೆ ಓಡಿದಳು. ಮನೆಗೆ ಫೋನು ಬಂದಾಗಿನಿಂದ ದಿನಕ್ಕೊಂದು ರೊಟ್ಟಿಯಾದರೂ ಸೀಯುತ್ತಿತ್ತು.

ಕುರಕುಂಭದ ಫೋನ್ ಬೂತಿನಿಂದ ಗಂಡ ಮಾಂತು ಮಾತಾಡುತ್ತಿದ್ದ. ಬಾಡಿಗೆ ಟೆಂಪೋದಲ್ಲಿ ಪಂಪುಗಳನ್ನು ಹಾಕಿಕೊಂಡು ನಸುಕಿನಲ್ಲೇ ಹೋಗಿದ್ದವ, ಮಾಲು ಇಳಿಸಿ ಇನ್ನೇನು ಊರಿಗೆ ಹೊರಡುವವನಿದ್ದ.

"ಏ ರಂಜನಾ, ಗ್ಯಾರೇಜಿನ ಅವಧೂತ ಅಪ್ಪನ ಗಾಡಿಗೆ ಎರಡು ಗೇರ್‌ಬಾಕ್ಸ್ ತರಿಸ್ಯಾನಂತ. ಒಂದು ನಮ್ಮ ಹಳೇದರಂಥಾದ್ದ, ಮಿಲ್ಟ್ರಿ ಮಾಲು. ಇನ್ನೊಂದು ಹೊಸಾ ಗಾಡೀದು, ಐದು ಗೇರಿಂದು. ನೀ ಹೋಗಿ, ಐದು ಗೇರಿಂದ ಹಾಕು ಅಂತ ಹೇಳಿ ಬಾ. ಹಳೇದನ್ನ ಕೇಳ್ಕೊಂಡು ಬ್ಯಾರೆ ಗಿರಾಕಿ ಮಧ್ಯಾಹ್ನ ಬರ್ತಾನಂತ, ಅಷ್ಟರಾಗ ಹೇಳಬೇಕು."

"ಮತ್ತ ಆ ಸಣ್ಣ ಲಿವರು?"

"ಅದು ಹೋಗ್ತದ. ಹೊಸಾದಕ್ಕ ಅದು ಕೂಡೂದಿಲ್ಲ. ನಾಕೂ ಗಾಲಿಗೆ ಜೋರು ಕೊಡೂ ಕೆಲಸ ಈಗ ಯಾರಿಗದ? ಬೋರಿನ ಮೋಟಾರು ಜಗ್ಗೂದು ಅಪ್ಪನ ಕಾಲಕ್ಕ ಮುಗೀತು. ನನಗ ರೋಡಿನ ಮ್ಯಾಲೆ ಸರಳ ಓಡಿದ್ರ ಸಾಕು."

"ಮಾವಾರಿಗೆ ಒಂದು ಮಾತು ಕೇಳಬಹುದಿತ್ತಲ್ರಿ."

ಅತ್ತ ಕಡೆ ಲಾರಿಯೊಂದು ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಮಾಂತು ಮೆತ್ತಗೆ ಹೇಳಿದ. "ಅಪ್ಪಗ ಏನಂತ ಕೇಳ್ತಿ? ಏನು ಕೇಳಿದ್ರೂ ಸುಮ್ಮನ ಅಂತಾನ."

ಅಡುಗೆಮನೆಯಿಂದ ಸೀದ ವಾಸನೆ ಬಂತು. ಫೋನಿನ ಪಕ್ಕದ ಮಂಚದ ಮೇಲೆ ಮಾವ ಕಾಡಪ್ಪ ಗೋಡೆಗೆ ಒರಗಿ ಕೂತಿದ್ದ. ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಹೋದವು, ಮಾತೂ ಹೋಯಿತು. ಉಳಿದದ್ದು ಎಡಗೈ ಮತ್ತು ಒಂದೇ ಒಂದು ಶಬ್ದ. ಆ ಎಡಗೈ ಹಗಲೆಲ್ಲ ಗಾಳಿಯಲ್ಲಿ ಆಡುತ್ತಿತ್ತು. ಮುಂದೆ ಹೋಗಿ ಹಿಂದೆ ಬರುವುದು, ಸ್ವಲ್ಪ ಆಚೆ ಸರಿದು ಮತ್ತೆ ಮುಂದೆ, ಮತ್ತೆ ಹಿಂದೆ. ಕೊನೆಗೆ ನಡುವೆ ಬಂದು ಅತ್ತಿತ್ತ ಅಲುಗಿ ನಿಲ್ಲುವುದು. ಆಗ ಆ ಶಬ್ದ ಹೊರಡುತ್ತಿತ್ತು.

"ಸುಮ್ಮನ."

ಮೊದಮೊದಲು ರಂಜನಾಳಿಗೆ ಅಳು ಬರುತ್ತಿತ್ತು. ಗದ್ದಲಕ್ಕೆ ತ್ರಾಸಾಗುತ್ತಿರಬೇಕೆಂದು ಟೀವಿ ಒಳಕೋಣೆಗೆ ಹೋಯಿತು. ಪಾತ್ರೆಗಳನ್ನು ಸದ್ದಾಗದಂತೆ ಇಡುವುದು ರೂಢಿಯಾಯಿತು. ಕೈ ಜಪಮಾಲೆ ಹುಡುಕುತ್ತಿದೆಯೇನೋ ಎಂದು ಒಮ್ಮೆ ರುದ್ರಾಕ್ಷಿ ಕೊಟ್ಟು ನೋಡಿದಳು. ಕಾಡಪ್ಪ ಅದನ್ನು ಕೆಳಗೆ ಬಿಟ್ಟುಬಿಟ್ಟ. ಎಲ್ಲರಿಗಿಂತ ಬದಲಾದವಳು ಮಗಳು ಪೂರ್ವಾ. ಅಜ್ಜನ ಬೆನ್ನು ಹತ್ತಿ, ಇದ್ಯಾಕ, ಅದು ಹೆಂಗ ಎಂದು ಪ್ರಾಣ ತಿನ್ನುತ್ತಿದ್ದ ಹುಡುಗಿ, ಅಜ್ಜ ತನಗೇ ಸುಮ್ಮನಿರು ಎನ್ನುತ್ತಿದ್ದಾನೆಂದು ತಿಳಿದು ಕೇಳುವುದನ್ನೇ ನಿಲ್ಲಿಸಿದಳು. ಈಗ ಶಾಲೆಯಿಂದ ಬಂದವಳು ಮಂಚದ ಹತ್ತಿರ ಹಾಯದೆ ಗೋಡೆಗುಂಟ ಒಳಗೆ ಹೋಗುತ್ತಿದ್ದಳು.

ರಂಜನಾ ಪಕ್ಕದ ಮನೆಯ ರಾಜೀವಿಯನ್ನು ಮಾವನ ಹತ್ತಿರ ಕೂಡಿಸಿದಳು. "ಹೋಗಿ ಬಾರವ್ವಾ," ಎಂದಳು ರಾಜೀವಿ ಬಟಾಣಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು. "ನನಗ ಸುಮ್ಮನ ಅನ್ನೂ ಗಂಡಸು ಇವರೊಬ್ಬರ ನೋಡು. ನಮ್ಮನಿಯವರಿಗೆ ಇನ್ನೂ ಆ ಧೈರ್ಯ ಬಂದಿಲ್ಲ."

ಭಾನುವಾರವಾದ್ದರಿಂದ ಪೂರ್ವಾಳೂ ಜೊತೆಗೆ ಹೊರಟಳು. ದೇಹೂ ರೋಡಿನ ರೇಲ್ವೆ ಗೇಟು ದಾಟಿದರೆ ಅವಧೂತನ ಗ್ಯಾರೇಜು. ಬೇವಿನ ಗಿಡದ ಕೆಳಗೆ ಮಾವನ ಗಾಡಿ ನಿಂತಿತ್ತು. ಮಿಲ್ಟ್ರಿ ಲಿಲಾವಿನಲ್ಲಿ ಕೊಂಡ ಪಿಕಪ್ಪು. ಮೇಲೆ ಬಳಿದ ನೀಲಿ ಬಣ್ಣ ಸವೆದಲ್ಲೆಲ್ಲ ಹಳೆಯ ಹಸಿರು ಇಣುಕುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಬೋರಿನ ಮೋಟಾರು ಕೆಟ್ಟರೆ ಕಾಡಪ್ಪನಿಗೇ ಹೇಳಿಕಳಿಸುತ್ತಿದ್ದರು. ಅವನು ಈ ಗಾಡಿಗೆ ಹಗ್ಗ ಕಟ್ಟಿ, ಉಳುಮೆಯ ಹೊಲದಲ್ಲಿ ಇರುವೆಯಷ್ಟು ನಿಧಾನ ನಡೆಸುತ್ತ, ಪಾತಾಳದಿಂದ ಮೋಟಾರನ್ನು ಮೇಲೆ ತರುತ್ತಿದ್ದ.

"ಯಾ ವಹಿನಿ, ಯಾ, ಬರ್ರಿ," ಎಂದು ಅವಧೂತ ಕರೆದ. ಕಾಡಪ್ಪ ಕಾಕಾನ ಸಹವಾಸದಲ್ಲಿ ಅವನ ಮರಾಠಿಗೆ ಅರ್ಧ ಕನ್ನಡ ಅಂಟಿಕೊಂಡಿತ್ತು. ಗೋಣಿತಟ್ಟಿನ ಮೇಲೆ ಎರಡೂ ಗೇರ್‌ಬಾಕ್ಸುಗಳನ್ನು ಇಟ್ಟಿದ್ದ. "ಇದು ಐದು ಗೇರಿಂದು. ಮಸ್ಕಾ, ಬೆಣ್ಣಿ! ಒಂದು ಬೊಟ್ಟು ಹಚ್ಚಿದ್ರ ಗೇರು ಬೀಳ್ತದ. ಇದು ಮಾತ್ರ ಮ್ಹಾತಾರಾ, ಮುದುಕ. ಹಲ್ಲು ಕಡೀತಾನ, ಆದ್ರ ಗುಡ್ಡ ಹತ್ತತಾನ. ಕಾಕಾಂದು ಒಡೀತಲ್ಲ, ಅದರ ಖಾಸಾ ತಮ್ಮ."

ಮುದುಕನ ಮೇಲಿನ ಮುಚ್ಚಳ ತೆಗೆದಿತ್ತು. ರಂಜನಾ ಬಗ್ಗಿ ನೋಡಿದಳು. ಹೊರಗೆ ತುಕ್ಕು ಹಿಡಿದ ಕಬ್ಬಿಣದ ಡಬ್ಬಿ. ಒಳಗೆ ಮಾತ್ರ ಎಣ್ಣೆಯಲ್ಲಿ ತೊಯ್ದು ಹೊಳೆಯುವ ಚಕ್ರಗಳು, ದೊಡ್ಡದು, ನಡುವಿನದು, ಸಣ್ಣದು, ಹಲ್ಲಿಗೆ ಹಲ್ಲು ಕೂಡಿಸಿ ಒತ್ತಾಗಿ ಕೂತಿದ್ದವು. ಇಷ್ಟು ವರ್ಷ ಆ ಗಾಡಿಯಲ್ಲಿ ಕೂತು ಸಂತೆಗೆ, ದವಾಖಾನೆಗೆ, ತವರಿಗೆ ಹೋಗಿ ಬಂದವಳು ಅವಳು. ತನ್ನ ಕಾಲ ಬುಡದಲ್ಲೇ ಇಂಥದ್ದೊಂದು ಇತ್ತೆಂದು ಗೊತ್ತೇ ಇರಲಿಲ್ಲ. ಗುಡಿಯೊಳಗೆ ಬಗ್ಗಿ ನೋಡಿದಂತಾಗಿ, ಸೆರಗು ತಾನಾಗಿ ತಲೆಯ ಮೇಲೆ ಬಂತು.

"ಈಗ ಯಾವ ಗೇರೂ ಹಾಕಿಲ್ಲ, ಬಘಾ, ನೋಡ್ರಿ," ಎಂದು ಅವಧೂತ ಎಂಜಿನ್ನಿನ ಕಡೆಯ ದಂಡವನ್ನು ಕೈಯಿಂದ ತಿರುಗಿಸಿದ. ಒಳಗಿನ ಚಕ್ರಗಳು ಒಂದನ್ನೊಂದು ಎಬ್ಬಿಸುತ್ತ ತಿರುಗತೊಡಗಿದವು. ಸದ್ದೇ ಇಲ್ಲ. ಎಣ್ಣೆ ಮಾತ್ರ ನವಿರಾಗಿ ಪಿಸುಗುಟ್ಟುತ್ತಿತ್ತು. ಆದರೆ ಇನ್ನೊಂದು ತುದಿಯಲ್ಲಿ, ಗಾಲಿಯ ಕಡೆಯ ದಂಡ ಅಲುಗದೆ ಹಾಗೇ ನಿಂತಿತ್ತು.

"ಹೊರಗ ನಿಂತದ," ಎಂದಳು ಪೂರ್ವಾ ಉಸಿರು ಬಿಗಿಹಿಡಿದು. "ಒಳಗ ಎಲ್ಲಾ ತಿರಗಾಕತ್ತಾವ!"

"ಮತ್ತ? ಗಾಡಿ ನಿಂತ್ರ ಎಂಜಿನ್ ಸತ್ತದೇನು?"

ಅವನು ಮುಚ್ಚಳ ಕೂಡಿಸಿ, ಎರಡೂ ಲಿವರು ಸಿಕ್ಕಿಸಿ, ದೊಡ್ಡದನ್ನು ಹುಡುಗಿಯ ಎಡಗೈಗೆ ಕೊಟ್ಟ. ಕರಿಯ ಗುಂಡಿಯನ್ನು ಪೂರ್ವಾ ಅಂಗೈ ತುಂಬ ಹಿಡಿದಳು. ಗಾಡಿಯಲ್ಲಿ ಅಜ್ಜನ ಎಡಗಡೆ ಕೂತು, ಅವನ ಕೈಯ ಕೆಳಗೆ ತನ್ನ ಕೈ ಇಟ್ಟು ಕಲಿತದ್ದು ಅವಳಿಗೆ ಮರೆತಿರಲಿಲ್ಲ. ಅಂಕಿಗಳೆಲ್ಲ ಅಂಗಡಿ ಲೆಕ್ಕಕ್ಕೆ, ಗೇರಿಗೆ ಜೀವದ ಹೆಸರಿರಬೇಕು ಎನ್ನುತ್ತಿದ್ದ ಕಾಡಪ್ಪ. ಮುಂದಕ್ಕೆ ದಬ್ಬಿ, "ಎತ್ತು," ಎಂದಳು. ಹಿಂದಕ್ಕೆಳೆದು, "ಎಮ್ಮಿ." ಆಚೆ ಸರಿಸಿ ಮುಂದಕ್ಕೆ, "ಕುದರಿ." ಹಿಂದಕ್ಕೆ, "ಗಾಳಿ." ಸಣ್ಣ ಲಿವರಿನ ಗುಂಡಿ ಮುಟ್ಟಿ, "ಇದು ಆನಿ. ಆನಿ ಏಳಬೇಕಂದ್ರ ಮೊದಲ ಗಾಡಿ ನಿಲ್ಲಸಬೇಕು," ಎಂದಳು. ಆಮೇಲೆ ದೊಡ್ಡ ಲಿವರನ್ನು ನಡುವಿಗೆ ತಂದು, ಗೇರು ಬಿಟ್ಟಿದೆಯೋ ಇಲ್ಲವೋ ನೋಡಲು ಅತ್ತಿತ್ತ ಅಲುಗಿಸಿದಳು.

"ಸುಮ್ಮನ," ಎಂದಳು.

ಅಂದ ಮೇಲೆ ಅವಳ ಕೈ ಅಲ್ಲೇ ನಿಂತುಬಿಟ್ಟಿತು. ತಾಯಿಯ ಮುಖ ನೋಡಿದಳು. ರಂಜನಾ ಮಗಳ ಕೈಯನ್ನೇ ನೋಡುತ್ತಿದ್ದಳು. ಗ್ಯಾರೇಜಿನ ಹಿಂದೆ ರೈಲೊಂದು ಹಾದುಹೋಯಿತು. ಗಿಡ, ಗಾಡಿ, ನೆಲ ಎಲ್ಲ ನಡುಗಿ ನಿಂತವು.

"ಕಾಯ್ ವಹಿನಿ, ಯಾವ್ದು ಪಕ್ಕಾ?" ಎಂದ ಅವಧೂತ.

"ಸ್ವಲ್ಪ ತಡೀರಿ ಅಣ್ಣಾ. ಕೇಳಿ ಹೇಳ್ತೀನಿ."

"ಮಾಂತುನ್ನ? ಅವ್ನು ಹೇಳಿ ಆಗ್ಯದಲ್ಲ."

"ಇಲ್ಲ," ಎಂದಳು ರಂಜನಾ. "ಗಾಡಿ ಯಾರದದ, ಅವರನ್ನ."

ಮನೆ ಮುಟ್ಟುವ ಹೊತ್ತಿಗೆ ಬಾಗಿಲ ಮುಂದೆ ಟೆಂಪೋ ನಿಂತಿತ್ತು. ಮಾಂತು ಮುಖ ತೊಳೆದು ಬಂದು ಪಡಸಾಲೆಯಲ್ಲಿ ಟಾವೆಲ್ಲಿನಿಂದ ಒರೆಸಿಕೊಳ್ಳುತ್ತಿದ್ದ. ರಾಜೀವಿ ಸುಲಿದ ಬಟಾಣಿಯಲ್ಲಿ ಒಂದು ಹಿಡಿ ಇವರ ಮನೆಗೆಂದು ತಾಟಿನಲ್ಲಿ ಬಿಟ್ಟು ಎದ್ದು ಹೋದಳು.

"ಹೇಳಿ ಬಂದ್ಯಾ?"

"ಇನ್ನೂ ಇಲ್ರಿ."

"ಇನ್ನೂ ಇಲ್ಲ? ಅಲ್ಲಾ, ಅದರಾಗ ವಿಚಾರ ಮಾಡೂದು ಏನದ? ಅಲ್ಲಿ ಅವಧೂತ ಗಿರಾಕಿ ಮುಂದ ಕೂತಿರ್ತಾನ, ಇಲ್ಲಿ ನೀ…"

ಮಂಚದ ಮೇಲೆ ಎಡಗೈ ಎದ್ದಿತು. ಮುಂದೆ ಹೋಯಿತು. ಹಿಂದೆ ಬಂತು. ರಂಜನಾಳ ಬಾಯಿ ತಾನಾಗಿ ಹೆಸರುಗಳನ್ನು ಹಿಡಿಯಿತು, ಸದ್ದಿಲ್ಲದೆ. ಎತ್ತು. ಎಮ್ಮಿ. ಕೈ ಆಚೆ ಸರಿಯಿತು. ಕುದರಿ. ಗಾಳಿ. ಇಷ್ಟು ತಿಂಗಳು ಈ ಮನುಷ್ಯ ದಿನವಿಡೀ ಗಾಡಿ ನಡೆಸುತ್ತಿದ್ದ. ಯಾವ ಊರಿಗೆ, ಯಾವ ದಿಬ್ಬ ಹತ್ತಿ, ಯಾರ ಹೊಲದ ಮೋಟಾರು ಜಗ್ಗಲಿಕ್ಕೆ? ಅವಳು ಗಂಜಿ ಕುಡಿಸುವಾಗ, ಬೆನ್ನು ಒರೆಸುವಾಗ, ಬದಿಯಲ್ಲೇ ಕೂತು ಮೆಂತೆ ಸೋಸುವಾಗ ಆ ಗಾಡಿ ಅವಳ ಮುಂದೆಯೇ ಓಡುತ್ತಿತ್ತು.

ಕೈ ನಡುವಿಗೆ ಬಂದು ಅತ್ತಿತ್ತ ಅಲುಗಿತು.

"ಸುಮ್ಮನ," ಎಂದ ಕಾಡಪ್ಪ.

ಮಾಂತು ರೂಢಿಯಂತೆ ದನಿ ತಗ್ಗಿಸಿದ. "ಆತಪ್ಪಾ, ಸುಮ್ಮನಾದ್ವಿ." ಹೆಂಡತಿಗೆ ಕಣ್ಣಿನಿಂದಲೇ ಒಳಗೆ ಬಾ ಎಂದ. ರಂಜನಾ ಕದಲಲಿಲ್ಲ. ಅವನ ತೋಳು ಹಿಡಿದು ಅಲ್ಲೇ ನಿಲ್ಲಿಸಿಕೊಂಡಳು.

ಪೂರ್ವಾ ಗೋಡೆ ಬಿಟ್ಟು ಹೊರಟಿದ್ದಳು. ಮಂಚದ ಹತ್ತಿರ ಹೋಗಿ, ಅಜ್ಜನ ಎಡಗಡೆ, ಮೊದಲೆಲ್ಲ ಗಾಡಿಯಲ್ಲಿ ಕೂಡುತ್ತಿದ್ದ ಜಾಗದಲ್ಲಿ ಕೂತಳು. ಗ್ಯಾರೇಜಿನ ಎಣ್ಣೆ ಅವಳ ಅಂಗೈಗೆ ಇನ್ನೂ ಅಂಟಿತ್ತು. ಆ ವಾಸನೆಗೆ ಮುದುಕನ ಮೂಗು ಅರಳಿತು. ಮುಖ ನಿಧಾನವಾಗಿ ಅವಳ ಕಡೆ ಹೊರಳಿತು.

"ಅಜ್ಜಾ," ಎಂದಳು. ಮೊದಲಿನ ತನ್ನ ದೊಡ್ಡ ದನಿಯಲ್ಲೇ ಕೇಳಿದಳು.

"ಅಜ್ಜಾ, ಗಾಡಿ ನಿಂತದಲ್ಲ ಈಗ? ಆನಿ ಇರಲೇನು, ತೆಗಸೂಣೇನು?"

ಅಲುಗುತ್ತಿದ್ದ ಕೈ ನಿಂತಿತು. ಆಮೇಲೆ ದೊಡ್ಡ ಲಿವರಿನ ಜಾಗ ಬಿಟ್ಟು, ಮೊಣಕಾಲಿನ ಬದಿಗೆ, ಸಣ್ಣ ಲಿವರು ಇರುತ್ತಿದ್ದಲ್ಲಿಗೆ, ಮೆಲ್ಲಗೆ ಕೆಳಗಿಳಿಯತೊಡಗಿತು.