ಮಾತುಗಾರ ಆಡದ ಮಾತು

"ಏನು ಬರ್ಕೋತಿದೀರಿ? ತೋರ್ಸಿ ಇಲ್ಲಿ."

ಹಾರ್ಟ್‌ವಿಗ್ ಮುಂದಿನ ಸಾಲಿನ ಮುದುಕನ ಕೈಯಿಂದ ಚೀಟಿ ಕಿತ್ತುಕೊಂಡೇಬಿಟ್ಟ. ಸ್ಮಶಾನದ ಪ್ರಾರ್ಥನಾಮಂದಿರದಲ್ಲಿ ಓಟೊಕಾರನ ಶವಪೆಟ್ಟಿಗೆಯ ಪಕ್ಕ ನಿಂತು ಮಗಳು ಗೆಜಿನೆ ಅಪ್ಪನ ಹಳೆಯ ನಗೆಹನಿಗಳನ್ನು ಹೇಳುತ್ತಿದ್ದಳು.

"ಮರ್ತೋಗುತ್ತೆ ಸ್ವಾಮಿ," ಮುದುಕ ಹೆದರಿದ. "ವೃದ್ಧಾಶ್ರಮಕ್ಕೆ ಗುರುವಾರ ಗುರುವಾರ ಬಂದು ನಮ್ಮನ್ನ ನಗಿಸ್ತಿದ್ರು. ಬರಕ್ಕಾಗದೇ ಇರೋರಿಗೆ ಹೇಳೋಣ ಅಂತ."

ಚೀಟಿಯಲ್ಲಿ ಅರ್ಧ ನಗೆಹನಿ ಬಿಟ್ಟರೆ ಬೇರೇನೂ ಇರಲಿಲ್ಲ. ಹಾರ್ಟ್‌ವಿಗ್ ಹಿಂದಕ್ಕೆ ಕೊಟ್ಟ. ಒಂದು ಕಾಲದಲ್ಲಿ ಅವನೂ ಓಟೊಕಾರನೂ ಇದ್ದ ನಾಟಕದ ತಂಡಕ್ಕೆ ಪಿಯಾನೊ ನುಡಿಸುತ್ತಿದ್ದ ರುಥಿಲ್ಡೆ ಅವನ ತೋಳು ಜಗ್ಗಿದಳು.

"ಸಾವಿನ ಹೊತ್ತಲ್ಲೂ ಬಿಡಲ್ವಲ್ಲೋ ನೀನು."

"ಬರ್ಕೊಳ್ಳೋರನ್ನ ಕಂಡ್ರೆ ನಂಗಾಗಲ್ಲ. ಯಾಕೆ ಅಂತ ಆ ಪೆಟ್ಟಿಗೇಲಿರೋನ್ನ ಕೇಳು."

*

ಎಪ್ಪತ್ತೊಂಬತ್ತರ ಹೊತ್ತಿಗೆ ಓಟೊಕಾರ್ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವುದನ್ನು ಬಿಟ್ಟು, ಪತ್ರಿಕೆಗೆ ವಿಡಂಬನೆ ಬರೆದು ಹೆಸರು ಮಾಡಿ, ಹಾಲೆ ನಗರದ ಒಂದು ನೆಲಮಾಳಿಗೆಯಲ್ಲಿ ನಗೆನಾಟಕದ ತಂಡ ಕಟ್ಟಿದ್ದ. ಹೊಸ ಆಟದಲ್ಲಿ ಹವಾಮಾನದ ಮಂತ್ರಿಯೊಬ್ಬ ಸುರಿಯುವ ಮಳೆಯಲ್ಲಿ ನಿಂತು, ಯೋಜನೆಯ ಪ್ರಕಾರ ಇವತ್ತು ಬಿಸಿಲು ಎಂದು ಘೋಷಿಸಿ ಕೊಡೆ ಬಿಚ್ಚಿದವರನ್ನೆಲ್ಲ ಹಿಡಿಸುತ್ತಿದ್ದ. ಮಂತ್ರಿ ಹಾರ್ಟ್‌ವಿಗ್.

ಎರಡನೆಯ ತಾಲೀಮಿನ ಬೆಳಗ್ಗೆ ಗುಪ್ತಚರ ಇಲಾಖೆಯ ಇಬ್ಬರು ಅಧಿಕಾರಿಗಳು ಬಂದರು. ಹಿಂದಿನ ವಾರವಷ್ಟೇ ಸೇರಿಸಿದ ಸಾಲುಗಳೂ ಅವರ ಕೈಯಲ್ಲಿದ್ದವು. ಆಟದ ಮಾತು ಗೊತ್ತಿದ್ದದ್ದು ನಾಲ್ಕೇ ಜನಕ್ಕೆ: ಓಟೊಕಾರ್, ಹಾರ್ಟ್‌ವಿಗ್, ರುಥಿಲ್ಡೆ, ಮತ್ತು ಅದನ್ನು ಬೆರಳಚ್ಚು ಮಾಡುತ್ತಿದ್ದ ಹಾರ್ಟ್‌ವಿಗ್‌ನ ಹೆಂಡತಿ ಇರ್ಮೆಲಾ.

ನೆಲಮಾಳಿಗೆಗೆ ಬೀಗ ಬಿತ್ತು, ತಂಡದವರಿಗೆ ವೇದಿಕೆ ಹತ್ತುವುದು ನಿಷಿದ್ಧವಾಯಿತು. ಓಟೊಕಾರ್ ಒಂದು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕುಲುಮೆಗೆ ಕಲ್ಲಿದ್ದಲು ಹಾಕಿದ. ಹಾರ್ಟ್‌ವಿಗ್ ರೈಲು ನಿಲ್ದಾಣದಲ್ಲಿ ಪೆಟ್ಟಿಗೆ ಹೊತ್ತ. ಎರಡೇ ವರ್ಷಕ್ಕೆ ಓಟೊಕಾರನಿಗೆ ಗೊಂಬೆಯಾಟದ ಮಂದಿರದಲ್ಲಿ ತೋಳದ ಗೊಂಬೆಗೆ ದನಿ ಕೊಡುವ ಕೆಲಸ ಸಿಕ್ಕಿತು. ಹಾರ್ಟ್‌ವಿಗ್ ಏಳು ವರ್ಷ ಹೊತ್ತ. ಚಾಡಿ ಹೇಳಿದ್ದು ಓಟೊಕಾರನೇ ಎನ್ನಲು ಅವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ದೇಶವನ್ನು ಎರಡಾಗಿ ಸೀಳಿದ್ದ ಗೋಡೆ ಬಿದ್ದು ಹಳೆಯ ಸರಕಾರ ಹೋದ ಮೇಲೆ ಓಟೊಕಾರ್ ಟೀವಿಯಲ್ಲಿ ಬಂದ. ಗೇಲಿ ಮಾಡಲು ಹಳೆಯ ದೊರೆಗಳೇ ಇಲ್ಲವೆಂದು ಎರಡು ವರ್ಷದಲ್ಲಿ ಅದೂ ನಿಂತಿತು. ಆಮೇಲೆ ನದಿಯ ವಿಹಾರನೌಕೆಗಳಲ್ಲಿ ಊಟ ಮಾಡುವವರನ್ನು ನಗಿಸಿದ. ಒಬ್ಬೊಬ್ಬರ ಮೇಲೂ ಗುಪ್ತಚರರು ಇಟ್ಟಿದ್ದ ಕಡತಗಳನ್ನು ಜನರಿಗೆ ತೆರೆದಾಗ ಹಾರ್ಟ್‌ವಿಗ್ ಓಡಿಹೋಗಿ ಕೇಳಿದ್ದ, ಅವನದು ಹರಿದುಹಾಕಿದ್ದರು. "ನಿನ್ನದು ನೋಡ್ದೆಯಾ?" ಎಂದು ಓಟೊಕಾರನನ್ನು ಕೇಳಿದ. "ನನ್ನ ಕತೆ ನಂಗೆ ಗೊತ್ತಿಲ್ವಾ, ಓದೋದೇನು?" ಎಂದು ಅವನು ಬೇರೆ ಕಡೆ ನೋಡಿದ.

ಎಂಟು ವರ್ಷದ ಕೆಳಗೆ ಇರ್ಮೆಲಾ ತೀರಿಕೊಂಡಾಗ ಓಟೊಕಾರ್ ಹೂವು ಹಿಡಿದು ಬಂದಿದ್ದ. ಹಾರ್ಟ್‌ವಿಗ್ ಸ್ಮಶಾನದ ಬಾಗಿಲಲ್ಲೇ ತಡೆದ. "ಚಾಡಿಕೋರರಿಗೆ ಇಲ್ಲಿ ಜಾಗ ಇಲ್ಲ." ಯಾವ ಮಾತಿಗೂ ಎದುರುಮಾತು ತಯಾರಿಟ್ಟುಕೊಂಡಿರುತ್ತಿದ್ದ ಮನುಷ್ಯ, ಹೂವನ್ನು ಕಾವಲುಗಾರನ ಕೈಗೆ ಕೊಟ್ಟು ಹೊರಟುಹೋಗಿದ್ದ.

*

ಮಣ್ಣು ಮಾಡಿದ ಮೇಲೆ ಎದುರಿನ ಛತ್ರದಲ್ಲಿ ಕಾಫಿ, ಕೇಕು. ಒಬ್ಬೊಬ್ಬರೇ ಎದ್ದು ಸತ್ತವನನ್ನು ಹೊಗಳಿದರು. ಹಾರ್ಟ್‌ವಿಗ್ ಬಟ್ಟಲಿಗೆ ಚಮಚ ಬಡಿದು ಎದ್ದ.

"ನಂದೂ ಒಂದು ಮಾತಿದೆ."

"ಕೂತ್ಕೋ," ಎಂದಳು ರುಥಿಲ್ಡೆ. ಅವಳ ಮುಖ ಬಿಳಿಚಿತ್ತು.

"ಯಾಕೆ ಹೆದರ್ತೀಯ? ಅವನ ಚಾಡೀಲಿ ನೀನೂ ಸೇರಿದ್ಯಾ ಹಂಗಾದ್ರೆ?"

ಗೆಜಿನೆ ಬಂದು ಅವನ ಕೈ ಹಿಡಿದು ಕೋಟು ನೇತುಹಾಕುವ ಓಣಿಗೆ ಕರೆದುಕೊಂಡು ಹೋದಳು.

"ಅಪ್ಪ ತಮ್ಮ ಕಡತ ನೋಡಿದ್ರು. ತೊಂಬತ್ಮೂರರಲ್ಲೇ. ರುಥಿಲ್ಡೇನೂ ಜೊತೇಲಿದ್ರು. ಅದರ ಪ್ರತೀನ ಸುಟ್ಟುಬಿಡು ಅಂದಿದ್ರು ಅಪ್ಪ ನಂಗೆ. ಇವತ್ತು ನೀವು ಎದ್ದು ನಿಲ್ತೀರ ಅಂತ ಅನುಮಾನ ಇತ್ತು, ತಂದಿದ್ದೀನಿ. ಚಾಡಿ ಹೇಳಿದೋರು ಕೊಟ್ಟ ವರದಿ, ಇದೊಂದು ಹಾಳೆ ಓದಿ. ಓದಿದ ಮೇಲೂ ಮಾತಾಡ್ಬೇಕು ಅನ್ಸಿದ್ರೆ ನಾನು ತಡೆಯಲ್ಲ."

ಅವನು ಕನ್ನಡಕ ಹುಡುಕಿ ಹಾಕಿಕೊಂಡ. "ಭಾನುವಾರ ಬೆಳಗಿನ ಉಪಾಹಾರದ ವೇಳೆ ಹಾರ್ಟ್‌ವಿಗ್ ಮೊಟ್ಟೆಯ ಚಿಪ್ಪನ್ನು ತಲೆಯ ಮೇಲಿಟ್ಟುಕೊಂಡು ಮಂತ್ರಿಯ ಪಾತ್ರವನ್ನು ಅಭಿನಯಿಸಿದ. ಕೊನೆಯ ಮಾತು ಇನ್ನಷ್ಟು ಕಟುವಾಗಿರಬೇಕೆಂಬುದು ಅವನ ಹಟ. ಓಟೊಕಾರ್ ಒಪ್ಪಿಲ್ಲ."

ಆ ಬೆಳಗ್ಗೆ ಮೇಜಿನ ಮುಂದೆ ಇದ್ದದ್ದು ಇಬ್ಬರೇ. ಅವನು, ಮತ್ತು ಎದುರಿಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ ಇರ್ಮೆಲಾ.

"ಮತ್ತೆ ಎರಡೇ ವರ್ಷಕ್ಕೆ ಗೊಂಬೆಯಾಟ ಹೆಂಗೆ ಸಿಕ್ತು ಅವನಿಗೆ?" ಹಾರ್ಟ್‌ವಿಗ್ ಬಿಡಲಿಲ್ಲ.

"ಹೆಸರು ಹಾಕಲ್ಲ, ಮುಖ ತೋರ್ಸಲ್ಲ ಅಂತ ಬರ್ಕೊಟ್ಟಿದ್ರು. ತೋಳಕ್ಕೆ ಹೆಸರೇನು, ಮುಖವೇನು."

"ನಂಗ್ಯಾಕೆ ಹೇಳ್ಲಿಲ್ಲ?"

"ನಾನೂ ಕೇಳ್ದೆ. 'ನಾನಿಲ್ದೆ ಬದುಕೋದು ಅವನಿಗೆ ಅಭ್ಯಾಸ ಆಗಿದೆ, ಅವಳಿಲ್ದೆ ಆಗಲ್ಲ' ಅಂದ್ರು."

"ಅವಳು ಹೋದ್ಮೇಲಾದ್ರೂ?"

"ಸತ್ತೋರನ್ನ ಇನ್ನೊಂದ್ಸಲ ಯಾಕೆ ಸಾಯಿಸ್ಬೇಕು ಅಂದ್ರು."

ಹಾರ್ಟ್‌ವಿಗ್ ಒಳಗಿನ ಸಭೆಗೆ ಮರಳದೆ ಗೂಟದಿಂದ ತನ್ನ ಕೋಟು ತೆಗೆದುಕೊಂಡ. ಎಡಗೈಯಲ್ಲಿ ಹಾಳೆಯಿತ್ತು, ಬಿಡಲಿಲ್ಲ. ಬಲಗೈಯನ್ನು ಕೋಟಿನ ತೋಳಿಗೆ ತೂರಿಸಿದ. ಅದು ಹರಿದ ಅಸ್ತರಿನ ಸಂದಿಗೆ ಹೋಗಿ ಸಿಕ್ಕಿಕೊಂಡಿತು. ಅವನು ಇನ್ನೂ ಒತ್ತಿದ. ಕೋಟಿನ ಬೆನ್ನಿನ ಕೆಳಗೆ, ಬಟ್ಟೆಯೊಳಗೆ, ಮುಷ್ಟಿಯೊಂದು ದಾರಿ ಹುಡುಕುತ್ತ ಅತ್ತಿತ್ತ ಹೊರಳುತ್ತಿತ್ತು.